ಸಹಿಯಾದ ಮೇಲೆ

ಸೀಮೆಎಣ್ಣೆಯೂ ಅಚ್ಚಿನ ಮಸಿಯೂ ಬೆರೆತರೆ ಒಂದು ವಾಸನೆ ಹುಟ್ಟುತ್ತದೆ. ಮೂಗಿಗೆ ಅಷ್ಟೇನೂ ಹಿತವಾದದ್ದಲ್ಲ. ಆದರೆ ಪುಟ್ಟಕ್ಕನ ಪಾಲಿಗೆ ಆ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದ ಎಂದು ಅರ್ಥ. ಅಪ್ಪ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವನು. ಸಂಜೆ ಅವನು ಅಂಗಿ ಕಳಚಿ ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸುತ್ತಲೇ ಅಣ್ಣನೂ ಅವಳೂ ಓಡಿಹೋಗಿ ಅದರೊಳಗೆ ಮುಖ ತೂರಿಸಿ, ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಯಾವಾಗಲೂ ಅಣ್ಣನೇ ಗೆಲ್ಲುತ್ತಿದ್ದ. ಅವಳು ಕೆಮ್ಮಿಕೊಂಡು ಹೊರಗೆ ಬಂದರೆ, "ಪುಟ್ಟಿ, ನಿಂದು ಚಿಕ್ಕ ಮೂಗು, ಅದಕ್ಕೆ" ಎಂದು ಸಮಾಧಾನ ಹೇಳುತ್ತಿದ್ದ.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಾರದ ಭಾಷೆಯ ಮೊಳೆಗಳನ್ನು ಪುಟಗಟ್ಟಲೆ ಜೋಡಿಸುತ್ತಿದ್ದ, ಅದೂ ಕನ್ನಡಿಯೊಳಗೆ ಕಂಡ ಹಾಗೆ ತಿರುಗುಮುರುಗಾಗಿ. "ಏನು ಜೋಡಿಸಿದೆ ಅಂತ ನಂಗಂತೂ ಗೊತ್ತಾಗಲಿಲ್ಲ, ನೀವಾದರೂ ತಿಳ್ಕೊಳ್ಳಿ" ಎಂದು ಇಬ್ಬರು ಮಕ್ಕಳನ್ನೂ ಕಾಲೇಜಿನವರೆಗೆ ಓದಿಸಿದ. ಇಬ್ಬರೂ ಆ ಭಾಷೆಯನ್ನೇ ಓದಿ, ಅದೇ ಅಚ್ಚುಕೂಟಕ್ಕೆ ಪ್ರೂಫ್ ತಿದ್ದುವವರಾಗಿ ಸೇರಿದರು. ಅಪ್ಪ ನಿಂತು ಮಾಡಿದ ತಪ್ಪನ್ನು ನಾವು ಕೂತು ತಿದ್ದುತ್ತೇವೆ ಎಂದು ಅಣ್ಣ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಅಣ್ಣ ಕರೆಯುತ್ತಿದ್ದ 'ಪುಟ್ಟಿ'ಗೆ ಅಚ್ಚುಕೂಟದವರು ಒಂದು ಅಕ್ಕನನ್ನು ಅಂಟಿಸಿದರು. ಅಂದಿನಿಂದ ಅವಳು ಎಲ್ಲರಿಗೂ ಪುಟ್ಟಕ್ಕ.

ಇಬ್ಬರಿಗೂ ಸೇರಿ ಒಂದು ಕೋಣೆ. ಯಂತ್ರಗಳ ಸದ್ದು ಬಾರದಿರಲೆಂದು ಗಾಜಿನ ಗೋಡೆ, ಬಂದೇ ಬರುತ್ತಿದ್ದ ಸದ್ದು, ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಅಣ್ಣ ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಅವಳು ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸುವುದು. ಓದುವಾಗ ಅಲ್ಪವಿರಾಮ, ಪೂರ್ಣವಿರಾಮ ಎಂದು ಹೇಳುತ್ತ ಕೂತರೆ ಹೊತ್ತು ಹೋಗುತ್ತದೆಂದು ಅಣ್ಣ ಬೆರಳ ಗೆಣ್ಣಿನಿಂದ ಮೇಜಿಗೆ ಬಡಿಯುತ್ತಿದ್ದ. ಅಲ್ಪವಿರಾಮಕ್ಕೆ ಒಂದು ಬಡಿತ, ಪೂರ್ಣವಿರಾಮಕ್ಕೆ ಎರಡು. ಹೊರಗಿನವರ ಕಿವಿಗೆ ಅದು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತಿತ್ತು. ಹೊಸದಾಗಿ ಸೇರಿದ ಗುಮಾಸ್ತನೊಬ್ಬ ಮೊದಲ ವಾರವೆಲ್ಲ ಎದ್ದು ಎದ್ದು ಬಾಗಿಲು ತೆರೆದನಂತೆ.

ಓದುವುದಕ್ಕಿಂತ ಅವರು ವಾದಿಸಿದ್ದೇ ಹೆಚ್ಚು. ಯಾರೂ ಇಲ್ಲ ಎನ್ನಲು ಬಳಸುವ ಇಂಗ್ಲಿಷಿನ 'ನನ್' ಎಂಬ ಪದಕ್ಕೆ ಏಕವಚನದ 'ಈಸ್' ಹಾಕಬೇಕೋ ಬಹುವಚನದ 'ಆರ್' ಹಾಕಬೇಕೋ ಎಂದು ಒಂದು ಮಧ್ಯಾಹ್ನ ಶುರುವಾದ ವಾದ ಮೂರು ವರ್ಷ ನಡೆಯಿತು. ಅಣ್ಣ 'ಈಸ್' ಪಕ್ಷ. "ಯಾರೂ ಇಲ್ಲ ಅಂದ್ರೆ ಒಬ್ಬನೂ ಇಲ್ಲ ಅಂತ. ಇಲ್ಲದೇ ಇರೋ ಒಬ್ಬನಿಗೆ ಬಹುವಚನ ಯಾಕೆ? ಮರ್ಯಾದೆಗಾ?" ಎನ್ನುತ್ತಿದ್ದ. ಅವಳು 'ಆರ್' ಪಕ್ಷ. "ಇಲ್ಲದೇ ಇರೋರು ಒಬ್ಬನೇ ಅಂತ ನಿಂಗೆ ಹೇಗೆ ಗೊತ್ತಾಯ್ತು? ಹೋಗಿ ಎಣಿಸಿದೆಯಾ?" ಯಂತ್ರ ನೋಡಿಕೊಳ್ಳುತ್ತಿದ್ದ ಮಷೀನ್ ಮಾಮ ಒಮ್ಮೆ ಗಾಜಿನ ಆಚೆಯಿಂದ ತಲೆ ತೂರಿಸಿ, "ಆಸ್ತಿ ಭಾಗ ಆಗ್ತಿದೆಯೇನೋ ಅನ್ಕೊಂಡೆ. ವ್ಯಾಕರಣವಾ? ನಡೆಸಿ, ನಡೆಸಿ" ಎಂದು ಹೋಗಿದ್ದ.

ಇಷ್ಟು ಜಗಳವಾಡಿದರೂ ಕೋಣೆಗೆ ಒಂದು ಕಟ್ಟಳೆ ಇತ್ತು. ಪುಟ ಮುಗಿದ ಮೇಲೆ ಹಿರಿಯನಾದ ಅಣ್ಣ ಕೆಳಗೆ ಸಹಿ ಹಾಕುತ್ತಿದ್ದ. ಸಹಿಯಾದ ಮೇಲೆ ಆ ಹಾಳೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಬೆಂಕಿಯಂಥ ತಪ್ಪು ಕಂಡರೂ ಸಹಿ ಹಾಕಿದವರನ್ನೇ ಕರೆದು ತೋರಿಸಬೇಕು. ಅವರು ಒಪ್ಪಿದರೆ ತಿದ್ದಿ, ತಿದ್ದಿದ ಜಾಗದ ಪಕ್ಕದಲ್ಲಿ ಇನ್ನೊಮ್ಮೆ ಸಹಿ ಮಾಡಬೇಕು. ಅಚ್ಚುಕೂಟದ ಯಜಮಾನರೇ ಬಂದರೂ ಅಷ್ಟೇ. ಅಚ್ಚಾದ ಪುಸ್ತಕದಲ್ಲಿ ಪ್ರೂಫ್ ತಿದ್ದುವವರ ಹೆಸರು ಇರುವುದಿಲ್ಲವಲ್ಲ. ಅವರ ಹೆಸರಿರುವುದು ಆ ಹಾಳೆಯ ಮೇಲೆ ಮಾತ್ರ.

ಹಾಗೆ ಇಪ್ಪತ್ತೆರಡು ವರ್ಷ ನಡೆಯಿತು. ಆಮೇಲೆ ನರ್ಸಮ್ಮನ ಪುಸ್ತಕ ಬಂತು.

ನರ್ಸಮ್ಮ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆದಿದ್ದ ಮುದುಕಿ. ಗುಂಡಗಿನ ಅಕ್ಷರ, ನೇರ ಮಾತು. ಒಂದು ಕಡೆ ಮಾತ್ರ ಅವಳು ಅಪರೂಪದ ಪದವೊಂದನ್ನು ಬಳಸಿದ್ದಳು. ಆ ವಾರ್ಡಿನಲ್ಲಿ 'ರೂತ್' ಕಡಿಮೆಯಿತ್ತು, ಇದ್ದಷ್ಟರಲ್ಲೇ ಎಲ್ಲರಿಗೂ ಹಂಚಬೇಕಾಗಿತ್ತು, ಎಂಬ ವಾಕ್ಯ. ಅಣ್ಣ ಓದುತ್ತಿದ್ದವನು ನಿಲ್ಲಿಸಿದ.

"ರೂತ್ ಅಂದ್ರೇನು?"

"ಕರುಣೆ, ಅಣ್ಣ. ರೂತ್‌ಲೆಸ್ ಅಂತೀವಲ್ಲ, ನಿಷ್ಕರುಣಿ ಅಂತ. ಅದರ ಒಳಗಿರೋದು."

"ರೂತ್‌ಲೆಸ್ ಎಲ್ಲರಿಗೂ ಗೊತ್ತು. ಬರೀ ರೂತ್ ಯಾರು ಬರೀತಾರೆ? ಬಾಲ ಕತ್ತರಿಸಿದ್ರೆ ನಾಯಿ ಬದುಕುತ್ತೆ ಪುಟ್ಟಿ, ಪದ ಬದುಕಲ್ಲ."

"ಬಾಲ ಆಮೇಲೆ ಬಂದದ್ದು. ನಾಯಿ ಮೊದಲೇ ಇತ್ತು."

"ಆ ನಾಯಿ ಸತ್ತು ಮುನ್ನೂರು ವರ್ಷ ಆಯ್ತು."

"ಸತ್ತಿಲ್ಲ. ಯಾರೂ ಕರೆಯಲ್ಲ, ಅದಕ್ಕೆ ಬರ್ತಿಲ್ಲ. ಹೋಪ್‌ಲೆಸ್‌ಗೆ ಹೋಪ್ ಇದೆ, ರೆಸ್ಟ್‌ಲೆಸ್‌ಗೆ ರೆಸ್ಟ್ ಇದೆ, ಇದಕ್ಕೆ ಮಾತ್ರ ಯಾಕೆ ಇರಬಾರದು?"

"ಹಾಗಾದ್ರೆ ಮಂಕಾಗಿರೋನನ್ನ ಲಿಸ್ಟ್‌ಲೆಸ್ ಅಂತೀವಲ್ಲ, ಅದಕ್ಕೆ ಲಿಸ್ಟ್ ಇದೆಯಾ? ಅಂಗಡಿಗೆ ಸಾಮಾನಿನ ಪಟ್ಟಿ ಮರೆತು ಹೋದವನು ಅಂತಲಾ ಅರ್ಥ?"

ಇಬ್ಬರೂ ನಕ್ಕರು. ಆಮೇಲೆ ಅವಳು ನಿಘಂಟು ತಂದು ತೋರಿಸಿದಳು. ಪದ ಇತ್ತು. ಅಣ್ಣ ಕನ್ನಡಕ ಹಣೆಗೇರಿಸಿ ನೋಡಿ, "ನಿಘಂಟಿನಲ್ಲಿರೋದೆಲ್ಲ ಜನರ ಬಾಯಲ್ಲಿರಲ್ಲ. ಓದೋರು ಇದನ್ನ ನೋಡಿ ಅಚ್ಚಿನ ತಪ್ಪು ಅಂತಾರೆ. ಬೈಗುಳ ನರ್ಸಮ್ಮನಿಗಲ್ಲ, ನಮಗೆ" ಎಂದ. ಅದೂ ಒಂದು ನ್ಯಾಯವೇ. ಲೇಖಕಿಯನ್ನೇ ಕೇಳೋಣವೆಂದು ಚೀಟಿ ಬರೆದು ಕಳಿಸಿದರು. ನರ್ಸಮ್ಮ ಊರಲ್ಲಿರಲಿಲ್ಲ. ಹತ್ತು ದಿನ ಕಾದರು, ಉತ್ತರ ಬರಲಿಲ್ಲ. ಯಜಮಾನರು ಅವಸರ ಮಾಡಿದರು. ಅಣ್ಣ 'ರೂತ್' ಹೊಡೆದುಹಾಕಿ, ಅದೇ ಅರ್ಥದ, ಎಲ್ಲರಿಗೂ ಗೊತ್ತಿರುವ 'ಪಿಟಿ' ಎಂದು ಬರೆಸಿ, ಪುಟದ ಕೆಳಗೆ ಸಹಿ ಹಾಕಿ, ಊಟಕ್ಕೆ ಮುಂಚೆ ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಆ ಐದು ನಿಮಿಷದಲ್ಲಿ ಪುಟ್ಟಕ್ಕ ಅದನ್ನು ಮಾಡಿದಳು. ರಬ್ಬರಿನಿಂದ 'ಪಿಟಿ' ಒರೆಸಿದಳು, 'ರೂತ್' ಎಂದು ಬರೆದಳು, ಹಾಳೆಯನ್ನು ಒಳಗೆ ಕಳಿಸಿದಳು. ಯಾಕೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ನರ್ಸಮ್ಮನ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಪದದಲ್ಲಿ, ಕೊನೆಯ ಮಾತು ತನ್ನದಾಗಬೇಕು ಎನ್ನಿಸಿತ್ತು.

ಪುಸ್ತಕ ಬಂದ ಮೇಲೆ ನರ್ಸಮ್ಮ ಕೋಲೂರಿಕೊಂಡು ಅಚ್ಚುಕೂಟಕ್ಕೇ ಬಂದಳು. ನಿಮ್ಮ ಚೀಟಿ ತಡವಾಗಿ ಸಿಕ್ಕಿತು, ಪದ ಹೋಯಿತೇನೋ ಎಂದು ಹೆದರಿದ್ದೆ, ಉಳಿಸಿದ ಪುಣ್ಯಾತ್ಮರು ಯಾರು ಎಂದು ಕೇಳಿದಳು. ಯಜಮಾನರು ಹೆಮ್ಮೆಯಿಂದ ಹಾಳೆ ತರಿಸಿ, ಎಲ್ಲರೆದುರು ಅಣ್ಣನ ಸಹಿ ತೋರಿಸಿದರು. ಅಣ್ಣ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದು ನಾನು ಒಪ್ಪಿದ್ದಲ್ಲ" ಎಂದ. ಆಮೇಲೆ ಪುಟ್ಟಕ್ಕನ ಕಡೆ ತಿರುಗಿ, "ನೀನಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

"ಪದ ನಿಂದೇ ಸರಿ ಪುಟ್ಟಿ. ಅದರಲ್ಲಿ ನಂಗೇನೂ ಇಲ್ಲ. ಆದ್ರೆ ಅದು ನನ್ನ ಸಹಿ ಇದ್ದ ಹಾಳೆ."

ಅಷ್ಟೇ ಹೇಳಿದ್ದು. ಪೆನ್ಸಿಲು, ಕನ್ನಡಕದ ಡಬ್ಬಿ ಎತ್ತಿಕೊಂಡು, ರಸೀದಿ ಪುಸ್ತಕ, ಮದುವೆ ಕಾಗದ ತಿದ್ದುವ ಹಿಂಬದಿಯ ಕೋಣೆಗೆ ಹೋಗಿ ಕೂತ. ಮತ್ತೆ ಅವಳ ಜೊತೆ ಮಾತಾಡಲಿಲ್ಲ.

ಒಂಬತ್ತು ವರ್ಷ. ಅಣ್ಣ ನಿವೃತ್ತಿಯಾಗುವ ತನಕ ದಿನಾ ಅದೇ ನಲ್ಲಿಯಲ್ಲಿ ಕೈ ತೊಳೆದರು, ಒಬ್ಬರು ಮುಗಿಸುವ ತನಕ ಇನ್ನೊಬ್ಬರು ದೂರ ನಿಂತು. ಹಿರಿಯನಲ್ಲವೇ, ಅವನೇ ಒಂದು ಮಾತಾಡಲಿ ಎಂದು ಅವಳು ಕಾದಳು. ತಪ್ಪು ಮಾಡಿದವಳಲ್ಲವೇ, ಅವಳೇ ಬರಲಿ ಎಂದು ಅವನು ಕಾದಿರಬೇಕು. ಅತ್ತಿಗೆ ನಡುವೆ ಸಿಕ್ಕಿ ಎರಡೂ ಕಡೆಗೆ ಸುದ್ದಿ ಸಾಗಿಸಿ ಸಾಗಿಸಿ ಸೋತಳು. "ನಿಮ್ಮಿಬ್ಬರದು ಯಾವ ಭಾಷೆಯ ಜಗಳವೋ, ನಂಗಂತೂ ತಿಳಿಯಲಿಲ್ಲ" ಎಂದು ಕೊನೆಗೆ ಕೈಬಿಟ್ಟಳು. ಪುಟ್ಟಕ್ಕನದು ಒಂಟಿ ಜೀವ. ಬೇರೆ ಆಸೆಗಳೆಲ್ಲ ಒಂದೊಂದಾಗಿ ಕಳಚಿದ್ದವು. ಆ ತಿದ್ದಿದ ಜಾಗದ ಪಕ್ಕದಲ್ಲಿ ಅಣ್ಣ ಒಂದು ಸಲ ಸಹಿ ಹಾಕಿದರೆ ಸಾಕು, ಹೋಗಲಿ ಬಿಡು ಪುಟ್ಟಿ ಎಂದರೆ ಸಾಕು, ಎಂಬುದೊಂದು ಮಾತ್ರ ಒಳಗೆ ಉಳಿದುಕೊಂಡಿತ್ತು.

ಒಂದು ಬೆಳಿಗ್ಗೆ ಅತ್ತಿಗೆ ಅಚ್ಚುಕೂಟಕ್ಕೆ ಬಂದಳು. ಅಲ್ಲಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗಾಜಿನ ಕೋಣೆಯೊಳಗೆ ಬಂದು, ಯಾರೂ ಕೂರದ ಆ ಇನ್ನೊಂದು ಕುರ್ಚಿಯಲ್ಲಿ ಕೂತಳು.

"ಮೂರು ವಾರ ಆಯ್ತು ಪುಟ್ಟಿ. ಅವರ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಬಲಗೈ ಬಲಗಾಲು ಬಿದ್ದುಹೋಗಿದೆ. ಮಾತು ಇಲ್ಲ. ನಿಂಗೆ ಹೇಳಬೇಡ ಅಂತ ಅವರೇನೂ ಅನ್ನಲಿಲ್ಲ, ಅನ್ನೋಕೆ ಮಾತೆಲ್ಲಿದೆ? ನಾನೇ ಹೆದರಿದೆ. ನೀನು ಬಂದು ಅವರು ಮುಖ ತಿರುಗಿಸಿಬಿಟ್ರೆ ನಿನ್ನ ಗತಿ ಏನು ಅಂತ."

ಪುಟ್ಟಕ್ಕ ಮೇಜಿನಂಚು ಹಿಡಿದುಕೊಂಡಳು.

"ಮಾತು ಕಲಿಸೋಕೆ ಒಬ್ಬ ಹುಡುಗಿ ಬರ್ತಾಳೆ. ಬಾಚಣಿಗೆ ಚಿತ್ರ, ಲೋಟದ ಚಿತ್ರ ತೋರಿಸ್ತಾಳೆ. ಇವರು ತಳ್ಳಿಬಿಡ್ತಾರೆ. ಮೊನ್ನೆ ಅವಳು ಕೇಳಿದ್ಲು, ಇವರು ಮೊದಲು ಯಾರ ಜೊತೆ ಹೆಚ್ಚು ಮಾತಾಡ್ತಿದ್ರು ಅಂತ. ತಂಗಿ ಜೊತೆ ಅಂದೆ. ಮಾತಲ್ಲ, ಜಗಳ ಅಂದೆ. ಅದೇ ಬೇಕು, ಕರ್ಕೊಂಡು ಬನ್ನಿ ಅಂದ್ಲು."

ಮಷೀನ್ ಮಾಮ ಗಾಜಿನ ಆಚೆಯಿಂದ ಎಲ್ಲ ನೋಡುತ್ತಿದ್ದ. ಒಳಗೆ ಬಂದು ಮೇಜಿನ ಮೇಲಿದ್ದ ಪ್ರೂಫಿನ ಕಟ್ಟನ್ನು ಎತ್ತಿಕೊಂಡ. "ಮೂರು ಗಂಟೆ ಮೇಲಿನದು ಯಾವುದೂ ನಿನ್ನ ಮೇಜಿಗೆ ಬರಲ್ಲ ಪುಟ್ಟಕ್ಕ. ಯಜಮಾನರಿಗೆ ನಾನು ಹೇಳ್ಕೋತೀನಿ" ಎಂದು, ಉತ್ತರಕ್ಕೆ ಕಾಯದೆ ಹೊರಟುಹೋದ.

ಮೊದಲ ದಿನ ಅತ್ತಿಗೆ ಹೆದರಿದ್ದ ಹಾಗೆಯೇ ಆಯಿತು. ಕಬ್ಬಿಣದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಅಣ್ಣ ಅವಳನ್ನು ಕಂಡದ್ದೇ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಕತ್ತು ಎಷ್ಟು ಸಣ್ಣಗಾಗಿತ್ತೆಂದರೆ ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗ ಇತ್ತು. ಪುಟ್ಟಕ್ಕ ಒಂದು ಗಂಟೆ ಸುಮ್ಮನೆ ಕೂತಳು. ಹೊರಡುವಾಗ ನೋಡಿದರೆ, ಅವಳ ಕುರ್ಚಿಗೆ ಬಿಸಿಲು ಬೀಳದಿರಲೆಂದು ಅತ್ತಿಗೆ ಯಾವಾಗಲೋ ಬಂದು ಕಿಟಕಿಗೆ ಒಂದು ಟವೆಲ್ ಕಟ್ಟಿ ಹೋಗಿದ್ದಳು.

ಎರಡನೆಯ ದಿನವೂ ಗೋಡೆಯೇ. ಮೂರನೆಯ ದಿನ ಅವಳು ಅಚ್ಚುಕೂಟದಿಂದ ಜೇನು ಸಾಕಣೆಯ ಪುಸ್ತಕದ ಪ್ರೂಫ್ ತಂದು, ಯಾರಿಗೂ ಅಲ್ಲವೆಂಬ ಹಾಗೆ ಗಟ್ಟಿಯಾಗಿ ಓದತೊಡಗಿದಳು. ಓದುವ ಕೆಲಸ ಅವಳದಲ್ಲ, ರೂಢಿ ಇರಲಿಲ್ಲ. ಹಾಗಾಗಿ ಮೇಜು ಬಡಿಯುವುದು ಮರೆತೇ ಹೋಯಿತು. ಒಂದು ಸಾಲು ಮುಗಿದು ಇನ್ನೊಂದಕ್ಕೆ ಹೋಗುವಾಗ ಮಂಚದ ಕಂಬಿ ಟಣ್ ಟಣ್ ಎಂದಿತು.

ಎರಡು ಬಡಿತ. ಪೂರ್ಣವಿರಾಮ.

ಅವಳು ತಲೆಯೆತ್ತಲಿಲ್ಲ. ಎತ್ತಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ. ಓದುತ್ತಲೇ ಹೋದಳು. ಅಲ್ಪವಿರಾಮ ಬಂದಲ್ಲಿ ಒಂದು, ವಾಕ್ಯ ಮುಗಿದಲ್ಲಿ ಎರಡು. ಅಣ್ಣನ ಎಡಗೈಯ ಬೆರಳ ಗೆಣ್ಣು ಗೋಡೆಯ ಪಕ್ಕದ ಕಂಬಿಯ ಮೇಲೆ ಒಂದೂ ತಪ್ಪದೆ ಬಡಿಯುತ್ತಿತ್ತು. ಹೆಂಡತಿಯ ಹೆಸರು ಹೋಗಿತ್ತು, ನೀರು ಎಂಬ ಪದ ಹೋಗಿತ್ತು. ಇದು ಮಾತ್ರ ಉಳಿದಿತ್ತು.

ಎರಡನೆಯ ಪುಟದಲ್ಲಿ, ಜೇನುಹುಳುಗಳಲ್ಲಿ ಯಾವುವೂ ಮರಳುತ್ತಿಲ್ಲ ಎಂಬ ಕಡೆ, 'ನನ್' ಆದ ಮೇಲೆ 'ಆರ್' ಇತ್ತು. ಕಂಬಿ ಬಡಬಡ ಬಡಿದುಕೊಂಡಿತು. ಅಣ್ಣ ಗೋಡೆ ಬಿಟ್ಟು ಈ ಕಡೆ ತಿರುಗಿದ್ದ. ಹುಬ್ಬು ಗಂಟು ಹಾಕಿದ್ದ.

"ಹೌದು, ಆರ್ ಇದೆ. ಇದ್ರೇನೀಗ?" ಎಂದಳು ಅವಳು.

ಅವನು ಇನ್ನೊಮ್ಮೆ ಬಡಿದ.

"ಗೊತ್ತು, ನೀನೇನು ಹೇಳ್ತೀಯ ಅಂತ. ಇಲ್ಲದೇ ಇರೋ ಒಬ್ಬನಿಗೆ ಬಹುವಚನ ಯಾಕೆ, ಮರ್ಯಾದೆಗಾ ಅಂತೀಯ. ನಾನು ಹೇಳ್ತೀನಿ, ಹೋಗಿ ಎಣಿಸಿದೆಯಾ ಅಂತ. ಆಗ ನೀನು, ನಿನ್ನ ಹತ್ರ ವಾದ ಮಾಡೋದೂ ಒಂದೇ, ಈ ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ ಅಂತೀಯ. ಆಗ ನಾನು, ಗೋಡೆ ಪಾಪ, ಅದರದೇನು ತಪ್ಪು ಅಂತೀನಿ."

ಅಣ್ಣನ ಬಾಯಿಯ ಎಡಗಡೆ ಮೇಲಕ್ಕೆ ಹೋಯಿತು. ನಗು ಅರ್ಧವೇ ಬಂತು, ಬಲಗಡೆಗೆ ದಾಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಸದ್ಯ, ಜಗಳ ಶುರುವಾಯ್ತಲ್ಲ" ಎಂದು ಒಳಗೆ ಹೋದಳು.

ಅಲ್ಲಿಂದ ದಿನಾ ನಾಲ್ಕು ಗಂಟೆಗೆ ಓದು. ಜೇನಿನ ಪುಸ್ತಕ ಮುಗಿದು, ಸೇತುವೆ ಕಟ್ಟುವುದರ ಮೇಲಿನ ಪುಸ್ತಕ ಅರ್ಧವಾಯಿತು. ಮಾತು ಕಲಿಸುವ ಹುಡುಗಿ ಒಂದು ದಿನ ಮೂಲೆಯಲ್ಲಿ ಕೂತು ನೋಡಿ, ತನ್ನ ಬಾಚಣಿಗೆ, ಲೋಟದ ಚಿತ್ರಗಳನ್ನು ಚೀಲದೊಳಗೆ ಹಾಕಿಕೊಂಡಳು. "ನಾನು ನಾಳೆಯಿಂದ ಬೆಳಿಗ್ಗೆ ಬರ್ತೀನಿ. ಈ ಹೊತ್ತು ನಿಮ್ಮದೇ ಇರಲಿ" ಎಂದಳು. ಓದಿಗೆ ಕಂಬಿ ಉತ್ತರಿಸುತ್ತಿತ್ತು, ವಾದಕ್ಕೆ ಹುಬ್ಬು ಉತ್ತರಿಸುತ್ತಿತ್ತು. ಆದರೆ ಆ ವಿಷಯ ಇಬ್ಬರ ನಡುವೆ ಹಾಗೇ ಕೂತಿತ್ತು. ಅವಳು ಪುಟ ತಿರುಗಿಸುವಾಗಲೆಲ್ಲ ಅಣ್ಣ ಹಾಳೆಯ ಕೆಳಗಿನ ಖಾಲಿ ಜಾಗದ ಕಡೆ ನೋಡುವುದನ್ನು ಕಂಡಿದ್ದಳು.

ಹದಿನೈದು ದಿನ ಕಳೆದ ಮೇಲೆ ಅವಳು ಮಷೀನ್ ಮಾಮನನ್ನು ಕೇಳಿದಳು. ನರ್ಸಮ್ಮನ ಪುಸ್ತಕದ ಹಳೆಯ ಪ್ರೂಫ್ ಉಗ್ರಾಣದಲ್ಲಿ ಉಳಿದಿರಬಹುದೇ?

"ಅದನ್ನೇ ಯಾಕೆ ಈಗ ಕೆದಕ್ತೀಯ?"

"ಬೇಕು ಮಾಮ."

ಮರುದಿನ ಅದು ಅವಳ ಮೇಜಿನ ಮೇಲಿತ್ತು. ಒಂಬತ್ತು ವರ್ಷದ ಧೂಳನ್ನು ಒರೆಸಿ, ಹೊಸ ದಾರ ಕಟ್ಟಿ ಇಟ್ಟಿದ್ದ. ಬೇಕಾದ ಪುಟಕ್ಕೆ ಒಂದು ಕಾಗದದ ಚೂರನ್ನು ಗುರುತಾಗಿ ಸಿಕ್ಕಿಸಿದ್ದ. ಅವನಿಗೆ ಇಂಗ್ಲಿಷ್ ಬಾರದು. ಸಹಿಯ ಮೇಲಿನ ಸಾಲುಗಳಲ್ಲಿ ರಬ್ಬರ್ ಆಡಿದ ಕಲೆ ಎಲ್ಲಿದೆ ಎಂದು ಪುಟಪುಟ ತಿರುವಿ ಹುಡುಕಿರಬೇಕು.

ಆ ದಿನ ಅವಳು ಸೇತುವೆಯ ಪುಸ್ತಕ ತೆರೆಯಲಿಲ್ಲ. ಆ ಒಂದು ಹಾಳೆಯನ್ನು ಅಣ್ಣನ ತೊಡೆಯ ಮೇಲೆ ಹಲಗೆ ಇಟ್ಟು ಅದರ ಮೇಲೆ ಹರಡಿದಳು. ಕೆಳಗೆ ಅವನ ಸಹಿ ಮಸುಕಾಗದೆ ಇತ್ತು. ನೆಟ್ಟಗೆ ಇಳಿದ ಒಂದು ಗೀಟು, ಅದರ ಬಲಕ್ಕೆ ಬಳ್ಳಿಯ ಹಾಗೆ ಒಂದು ಸುತ್ತು, ಅಡಿಯಲ್ಲಿ ಒಂದು ಗೆರೆ.

"ಅಣ್ಣ, ಪದ ನಂದು ಸರಿ ಇದ್ದಿರಬಹುದು. ಕೈ ನಂದು ತಪ್ಪು. ನೀನು ಕೈ ತೊಳೆಯೋಕೆ ಹೋಗಿದ್ದೆ. ಕೂಗಿದ್ರೆ ಕೇಳಿಸೋ ಅಷ್ಟು ದೂರ. ಕೂಗಲಿಲ್ಲ. ಒಂಬತ್ತು ವರ್ಷದಿಂದ ಹೇಳಬೇಕು ಅಂತಿದ್ದೆ. ಹೇಳಲಿಲ್ಲ. ನೀನೇ ಮೊದಲು ಮಾತಾಡಲಿ ಅಂತ ಬಿಗುಮಾನ. ಈಗ ನೋಡು."

ಪೆನ್ಸಿಲ್ ತೆಗೆದು 'ರೂತ್' ಪದದ ಮೇಲೆ ಅಡ್ಡಗೆರೆ ಎಳೆದಳು. ಅಂಚಿನಲ್ಲಿ 'ಪಿಟಿ' ಎಂದು ಬರೆದಳು. "ನೀನು ಒಪ್ಪಿದ್ದು ಇದು. ನಿನ್ನ ಸಹಿಯ ಮೇಲೆ ಇದೇ ಇರಲಿ."

ಅಣ್ಣ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದ ಸದ್ದು, ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದು. ಆಮೇಲೆ ಎಡಗೈ ಚಾಚಿ ಅವಳ ಬೆರಳ ನಡುವಿಂದ ಪೆನ್ಸಿಲನ್ನು ತೆಗೆದುಕೊಂಡ. ಮಗು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದ. ಅವಳು ಹೊಡೆದುಹಾಕಿದ ಪದದ ಕೆಳಗೆ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದರಂತೆ, ನಾಲ್ಕು ಚುಕ್ಕಿ ಇಟ್ಟ.

ಪ್ರೂಫ್ ತಿದ್ದುವವರಿಗೆ ಆ ಚುಕ್ಕಿಗಳ ಅರ್ಥ ಒಂದೇ. ಹೊಡೆದದ್ದು ತಪ್ಪು, ಇದ್ದದ್ದು ಇದ್ದ ಹಾಗೇ ಇರಲಿ.

ಅವನು ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಪದವನ್ನು ಅಣ್ಣ ಅಂದೇ ಒಪ್ಪಿದ್ದನಲ್ಲ. ಬೇಕಾಗಿದ್ದುದು ಇನ್ನೊಂದು, ಅದು ಅವನಿಗೂ ಗೊತ್ತಿತ್ತು. ಅವನು ಪೆನ್ಸಿಲನ್ನು ಬಿಡಲಿಲ್ಲ. ಚುಕ್ಕಿಗಳ ಪಕ್ಕದ ಅಂಚಿಗೆ ಕೈ ತಂದ. ತಿದ್ದಿದ ಜಾಗದ ಪಕ್ಕದಲ್ಲಿ ಇನ್ನೊಮ್ಮೆ ಸಹಿ ಹಾಕಬೇಕು. ಕಟ್ಟಳೆ.

ನೆಟ್ಟನೆಯ ಗೀಟು ಹೇಗೋ ಬಂತು. ಅಲ್ಲಿಂದ ಸುತ್ತಿಗೆ ಹೊರಳುವಾಗ ಪೆನ್ಸಿಲ್ ಜಾರಿ ಹಾಳೆಯ ಹೊರಗೆ ಹೋಯಿತು. ಇನ್ನೊಮ್ಮೆ ಹಿಡಿದ. ಗೀಟು ಬಂತು, ಸುತ್ತು ಬರಲಿಲ್ಲ. ಮೂರನೆಯ ಸಲ ಒತ್ತಿದ ರಭಸಕ್ಕೆ ಕಾಗದ ತೂತಾಯಿತು. ಲಕ್ಷಗಟ್ಟಲೆ ಪುಟಕ್ಕೆ ಸಹಿ ಹಾಕಿದ್ದವನು ತನ್ನ ಸಹಿಯ ದಾರಿ ಮರೆತು ನಿಂತಿದ್ದ. ಅವನ ಎಡಗಣ್ಣಿಂದ ನೀರಿಳಿದು ಹಲಗೆಯ ಮೇಲೆ ಬಿತ್ತು.

"ಸಾಕಣ್ಣ, ಸಾಕು" ಎಂದು ಅವಳು ಅವನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. "ಎಲ್ಲಿಗೆ ಓಡಿಹೋಗುತ್ತೆ ಇದು? ನಾಳೆ ಹಾಕುವಿಯಂತೆ."

ಮರುದಿನ ಬೆಳಿಗ್ಗೆ ಹತ್ತೂಕಾಲಕ್ಕೆ ಮಷೀನ್ ಮಾಮ ಗಾಜಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿದ್ದ ಚಿಂದಿ ಬಟ್ಟೆಯಿಂದ ಒರೆಸಿದ ಬೆರಳುಗಳನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

"ಪುಟ್ಟಕ್ಕ, ಪೆನ್ಸಿಲ್ ಕೆಳಗಿಡು" ಎಂದ.

ಅವಳು ಇಟ್ಟಳು.

ಅಣ್ಣ ಆ ಬೆಳಗಿನ ಜಾವವೇ ಹೋಗಿಬಿಟ್ಟಿದ್ದ. ಮುಂದಿನದೆಲ್ಲ ಮುಗಿಯಿತು. ಬರುವವರು ಬಂದರು, ಹೋಗುವವರು ಹೋದರು. ಯಜಮಾನರು ಒಂದು ದಿನ ಯಂತ್ರ ನಿಲ್ಲಿಸಿದರು. ನರ್ಸಮ್ಮ ಈಗ ಇನ್ನೂ ಬಾಗಿದ್ದಳು, ಆದರೂ ಬಂದಳು. ಅತ್ತಿಗೆಯ ಕೈ ಹಿಡಿದು ಒಂದು ಗಂಟೆ ಕೂತು ಎದ್ದುಹೋದಳು. ಪುಟ್ಟಕ್ಕ ಎಲ್ಲವನ್ನೂ ದೂರದಿಂದ ಎಂಬಂತೆ ನೋಡಿದಳು. ಒಳಗೆ ಒಂದೇ ಪ್ರಶ್ನೆ. ಅಣ್ಣ ಆ ಸಹಿಗೆ ಕೈ ಹಾಕಿದ್ದು ಹೌದು. ಆದರೆ ಕೊಟ್ಟನೇ? ಬರಲಿಲ್ಲ ಎಂದು ಬಿಟ್ಟನೋ, ಕೊಡುವುದು ಬೇಡವೆಂದು ಬಿಟ್ಟನೋ? ಪೆನ್ಸಿಲ್ ಕಿತ್ತುಕೊಂಡವಳು ತಾನೇ. ಇನ್ನೊಂದು ಸಲ ಬಿಟ್ಟಿದ್ದರೆ ಬರುತ್ತಿತ್ತೇನೋ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಅಚ್ಚುಕೂಟದಿಂದ ಹೊರಟ ಕಾಲುಗಳು ಅವಳನ್ನು ಕೇಳದೆ ಅಣ್ಣನ ಮನೆಗೇ ಬಂದವು. ಗಂಟೆ ನಾಲ್ಕು. ಅತ್ತಿಗೆ ಬಾಗಿಲು ತೆರೆದಳು. ಮಂಚವನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ಇಬ್ಬರೂ ಅಡುಗೆಮನೆಯ ಮೇಜಿನ ಎದುರುಬದುರು ಕೂತರು.

"ನೀನು ಆ ದಿನ ಬಂದು ಹೋದೆಯಲ್ಲ ಪುಟ್ಟಿ, ಆ ಸಂಜೆ ಅವರಿಗೆ ಏನೋ ಸಂಕಟ ಆಗ್ತಿತ್ತು ಅಂತ ಕಾಣುತ್ತೆ" ಎಂದಳು ಅತ್ತಿಗೆ. ಒಬ್ಬಳೇ ಇದ್ದ ಇಷ್ಟು ದಿನ ಇದನ್ನೇ ಯಾರಿಗಾದರೂ ಹೇಳಬೇಕೆಂದು ಕಾದಿದ್ದವಳ ಹಾಗೆ ಹೇಳಿದಳು. "ಎಡಗೈ ಬೆರಳಲ್ಲಿ ಹಾಸಿಗೆ ಮೇಲೆ ಗೀಚ್ತಾನೇ ಇದ್ರು. ನಿಲ್ಲಿಸಲೇ ಇಲ್ಲ. ತುರಿಕೆನಾ ಅಂತ ನೋಡಿದೆ, ಅಲ್ಲ. ನೀರಾ ಅಂದೆ, ಅಲ್ಲ."

"ಹೇಗೆ ಗೀಚ್ತಿದ್ದ?"

ಅತ್ತಿಗೆ ಮೇಜಿನ ಮೇಲೆ ಬೆರಳಿಟ್ಟು ತೋರಿಸಿದಳು. ಮೇಲಿಂದ ಕೆಳಕ್ಕೆ ನೆಟ್ಟಗೆ. ಬಲಕ್ಕೆ ಹೊರಳಿ ಒಂದು ಸುತ್ತು. ಅಡಿಯಲ್ಲಿ ಒಂದು ಎಳೆತ. "ಮೊದಮೊದಲು ಅಡ್ಡಾದಿಡ್ಡಿ. ಆಮೇಲೆ ಆಮೇಲೆ ಒಂದೇ ಥರ. ಇಷ್ಟೇ, ಇದನ್ನೇ. ಮತ್ತೆ ಮತ್ತೆ."

ಪುಟ್ಟಕ್ಕ ಆ ಬೆರಳನ್ನೇ ನೋಡುತ್ತಿದ್ದಳು. ಅತ್ತಿಗೆಗೆ ಓದು ಬಾರದು. ಗಂಡನ ಸಹಿಯನ್ನು ಅವಳು ಯಾವತ್ತೂ ಗಮನಿಸಿ ನೋಡಿದವಳಲ್ಲ.

"ನಂಗೆ ನೋಡೋಕಾಗಲಿಲ್ಲ. ಅಷ್ಟು ಚಡಪಡಿಕೆ. ಆ ಕೈನ ನನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ. ಸ್ವಲ್ಪ ಹೊತ್ತು ಎಳೆದಾಡಿದ್ರು. ಆಮೇಲೆ ಬಿಟ್ರು. ಹಾಗೇ ಕಣ್ಣು ಮುಚ್ಚಿದ್ರು. ಬೆಳಗಾಗೋ ಹೊತ್ತಿಗೆ ಇಲ್ಲ." ಅತ್ತಿಗೆಯ ಧ್ವನಿ ಸಣ್ಣಗಾಯಿತು. "ನಾನು ಹಿಡಿದದ್ದು ಒಳ್ಳೇದಾಯ್ತು ಅಲ್ವಾ ಪುಟ್ಟಿ? ಅವರಿಗೆ ಸಮಾಧಾನ ಆಗಿರುತ್ತೆ ಅಲ್ವಾ?"

ಪುಟ್ಟಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ, ಅದು ಸಂಕಟ ಅಲ್ಲ, ಅವನ ಸಹಿ. ನಂಗೆ ಕೊಡೋಕೆ ಅಂತ ಕಲೀತಿದ್ದ. ಕಲಿತೂ ಬಿಟ್ಟಿದ್ದ. ಒಂಬತ್ತು ವರ್ಷ ಕಾದದ್ದು ಸಿಕ್ಕಿತ್ತು, ಹಾಸಿಗೆಯ ಬಟ್ಟೆಯ ಮೇಲೆ, ಯಾರೂ ಓದದ ಹಾಗೆ. ಅದನ್ನು ಇನ್ನೊಬ್ಬರ ಜೊತೆ ಹೇಳಿಕೊಂಡು ಅಳುವುದಕ್ಕೆ ಲೋಕದಲ್ಲಿ ಇದ್ದವಳು ಇವಳೊಬ್ಬಳೇ. ಹೇಳಿದರೆ, ಆ ಕೈಯನ್ನು ಗಟ್ಟಿಯಾಗಿ ಹಿಡಿದ ಎರಡು ಕೈಗಳನ್ನು ಇವಳು ಉಳಿದ ಆಯಸ್ಸೆಲ್ಲ ನೋಡಿಕೊಳ್ಳುತ್ತ ಕೂರಬೇಕು.

"ಆಯ್ತು ಅತ್ತಿಗೆ" ಎಂದಳು. ಮಾತು ಒಡೆಯಿತು. ಕೆಮ್ಮಿ ಸರಿಮಾಡಿಕೊಂಡಳು. "ಸಮಾಧಾನ ಆಯ್ತು ಅತ್ತಿಗೆ. ಅವನಿಗೆ ಆಗ ಬೇಕಾಗಿದ್ದು ಅದೇ. ನೀವು ಹಿಡ್ಕೊಂಡ್ರಿ, ಅದಕ್ಕೇ ನಿದ್ದೆ ಬಂತು."

ಅತ್ತಿಗೆ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಒಂದು ಗಳಿಗೆ ನೋಡಿದಳು. ಒಂದು ದೊಡ್ಡ ಉಸಿರು ಹೊರಗೆ ಬಂತು. ಇಷ್ಟು ದಿನ ಬಿಗಿದುಕೊಂಡಿದ್ದ ಭುಜಗಳು ಇಳಿದವು.

ಪುಟ್ಟಕ್ಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೊರಗೆ ಎದುರುಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದೊಂದೇ ಬಟ್ಟೆ ಹೋಗುತ್ತ ಹಗ್ಗ ಖಾಲಿಯಾಗುವುದನ್ನು ಅವಳು ನೋಡುತ್ತ ಕೂತಳು. ಕಣ್ಣು ತುಂಬಿ ಬಂದದ್ದನ್ನು ಒರೆಸಲಿಲ್ಲ. ಒರೆಸಿದರೆ ಅತ್ತಿಗೆಗೆ ಗೊತ್ತಾಗುತ್ತದೆ.

ಅತ್ತಿಗೆಗೆ ಗೊತ್ತಾಯಿತೋ ಇಲ್ಲವೋ. ಅವಳು ಎದ್ದಳು. ಒಲೆ ಹೊತ್ತಿಸಿದ ಸದ್ದು, ಮುಚ್ಚಳ ಸರಿಸಿದ ಸದ್ದು. ಸ್ವಲ್ಪ ಹೊತ್ತಿಗೆ ಹಬೆಯಾಡುವ ಅನ್ನ, ಬೇಯಿಸಿದ ತರಕಾರಿ, ಸುಲಿದ ಒಂದು ಮೊಟ್ಟೆ ಇಟ್ಟ ತಟ್ಟೆಯನ್ನು ತಂದು ಪುಟ್ಟಕ್ಕನ ಕೈಗೆ ಕೊಟ್ಟಳು.